ನಾಗಮಂಗಲದ ಗೌಡರು ಕಟ್ಟಿದ ಹಾಡಿನ ಕಣಜ

ಮಂಡ್ಯ ಕಡೆಯ ನಮ್ಮ ಕ್ಯಾತನಹಳ್ಳಿ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟ ಹತ್ತಿದರೆ ಈಗಲೂ ಏನಾದರೊಂದು ಕೈಗೆ ಸಿಗುತ್ತದೆ. ತುಕ್ಕು ಹಿಡಿದ ಕೊಳಗ, ಗೂಟ ಕಳಚಿದ ಬೀಸುವ ಕಲ್ಲು, ಬಿರುಕು ಬಿಟ್ಟ ಕೂರಿಗೆ ಬಟ್ಟಲು. ಸಾಮಾನು ಸಿಗುತ್ತದೆ, ಅದರ ಜೊತೆಗಿದ್ದ ಹಾಡು ಸಿಗುವುದಿಲ್ಲ. ರಾಗಿ ಬೀಸುತ್ತಾ ನಮ್ಮಜ್ಜಿ ಹೇಳುತ್ತಿದ್ದ ಪದಗಳ ಧಾಟಿ ನನಗೆ ನೆನಪಿದೆ, ಮಾತು ಒಂದೂ ನೆನಪಿಲ್ಲ.

ಆ ಮಾತನ್ನು ಉಳಿಸಲು ಹೊರಟವರು ನಮ್ಮ ನೆರೆಯ ತಾಲ್ಲೂಕಿನವರೇ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ನಿವೃತ್ತಿಯಾದ ಮೇಲೆ ವಿಶ್ರಾಂತಿಗೆ ಕೂರಲಿಲ್ಲ. ಟೇಪ್ ರೆಕಾರ್ಡರ್ ಹೊತ್ತುಕೊಂಡು ಹಳ್ಳಿ ಹಳ್ಳಿ ತಿರುಗಿದರು, ಜನಪದ ಗಾಯಕರ ಮುಂದೆ ಕೂತು ಹಾಡಿಸಿದರು. ಅಧಿಕಾರಿ ಬಂದರೆ ಜಗುಲಿ ಬಿಟ್ಟು ಏಳುತ್ತಿದ್ದ ಕಾಲದ ಜನ, ಅಧಿಕಾರಿಯಾಗಿದ್ದವರೇ ಎದುರಿಗೆ ಕೂತು ಇನ್ನೊಂದು ಪದ ಹೇಳಿ ಎಂದು ಕೇಳುವುದನ್ನು ಕಂಡರು. ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂಬ ಸಂಗ್ರಹದ ಹೆಸರನ್ನೇ ನೋಡಿ: ಹಾಡಿದಾಕೆಯ ಹೆಸರು ಪುಸ್ತಕದ ನೆತ್ತಿಯ ಮೇಲಿದೆ. ಜಾನಪದ ಎಂದರೆ ಯಾರು ಹಾಡಿದರೂ ಒಂದೇ ಎಂಬ ಉದಾಸೀನ ಅವರಿಗಿರಲಿಲ್ಲ. ನನಗೆ ಅವರ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

1979ರಲ್ಲಿ ಅವರು ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದರು. ಅದು ಸರ್ಕಾರದ ಇಲಾಖೆಯಲ್ಲ, ಆಸಕ್ತರು ಕೂಡಿ ಕಟ್ಟಿಕೊಂಡ ಸಂಸ್ಥೆ. ರಾಮನಗರದ ಬಳಿ 15 ಎಕರೆಯಲ್ಲಿ ಆ ಸಂಸ್ಥೆ ಬೆಳೆಸಿದ ಜಾನಪದ ಲೋಕ ಎಂಬ ವಸ್ತುಸಂಗ್ರಹಾಲಯ 1994ರಲ್ಲಿ ಬಾಗಿಲು ತೆರೆಯಿತು. ಮರುವರ್ಷ ಮುಧೋಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಗೌಡರೇ ಅಧ್ಯಕ್ಷರು. 2005ರಲ್ಲಿ ತೀರಿಕೊಂಡರು.

ಜಾನಪದ ಲೋಕದ ಒಳಗೆ ಹೋದವರು ಲೋಕಮಾತಾ ಮಂದಿರದಲ್ಲಿ ಹೆಂಗಸರ ದುಡಿಮೆಯ ಸಾಮಾನುಗಳನ್ನು ನೋಡುತ್ತಾರೆ, ಲೋಕಮಹಲಿನಲ್ಲಿ ಮುಖವಾಡ, ಗೊಂಬೆ, ವಾದ್ಯ, ವೇಷಗಳನ್ನು. ಮಕ್ಕಳು ಬೇಗ ಮರುಳಾಗುವುದು ಲೋಕಮಹಲಿಗೆ. ನಾನು ಹೆಚ್ಚು ಹೊತ್ತು ನಿಲ್ಲುವುದು ಆಯಗಾರರ ಮಾಳದಲ್ಲಿ. ಕಮ್ಮಾರ, ಬಡಗಿ, ಕುಂಬಾರ, ಅಗಸ, ತೋಟಿ, ತಳವಾರ ಮೊದಲಾದ ಆಯಗಾರರು ವರ್ಷವಿಡೀ ಊರಿನ ಕೆಲಸ ಮಾಡಿ, ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಆಯ ಅಳೆಸಿಕೊಳ್ಳುತ್ತಿದ್ದರು. ಆ ವ್ಯವಸ್ಥೆಯಲ್ಲಿ ಹೊಂದಾಣಿಕೆಯೂ ಇತ್ತು, ಮೇಲುಕೀಳಿನ ಕ್ರೌರ್ಯವೂ ಇತ್ತು. ಅಲ್ಲಿರುವ ಗಾಣ, ನೇಗಿಲು, ತಿಗರಿಗಳ ಮುಂದೆ ನಿಂತಾಗ ಎರಡನ್ನೂ ನೆನೆಯಬೇಕು. ಮಂಡ್ಯ ಕಡೆಯವರಿಗಂತೂ ಗಾಣ ಕಂಡರೆ ಆಲೆಮನೆಯ ಬಿಸಿ ಬೆಲ್ಲದ ವಾಸನೆ ಮೂಗಿಗೆ ಬಡಿಯುತ್ತದೆ.

ಶಿಲ್ಪಮಾಳದಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳಿವೆ. ಅವುಗಳ ನಡುವೆ ಓಡಾಡುವಾಗ ನನಗೆ ನಮ್ಮ ಬೇಬಿ ಬೆಟ್ಟ ನೆನಪಾಗುತ್ತದೆ. ಶಿವರಾತ್ರಿಯ ಆಸುಪಾಸಿನಲ್ಲಿ ದನಗಳ ಜಾತ್ರೆ ಸೇರುವ ಬೆಟ್ಟ ಅದು. ಅದರ ಸುತ್ತ ಕಲ್ಲು ಗಣಿಗಳು ಎದ್ದವು, ಸ್ಫೋಟದಿಂದ ಕನ್ನಂಬಾಡಿ ಕಟ್ಟೆಗೆ ಅಪಾಯವಿದೆಯೇ ಎಂಬ ವಾದ ಕೋರ್ಟಿನವರೆಗೂ ಹೋಯಿತು. ಕಟ್ಟೆಯ ಲೆಕ್ಕ ಕೇಳುವವರು ಬೇಕಾದಷ್ಟು ಜನ ಇದ್ದಾರೆ, ಇರಬೇಕು ಕೂಡ. ಆದರೆ ಬಂಡೆ ಸೀಳಿದ ಕೈಗಳು ಉಳಿ ಸುತ್ತಿಗೆಗೆ ಇಟ್ಟ ಹೆಸರೇನು, ಬಿಸಿಲಲ್ಲಿ ಹಾರೆ ಎತ್ತುವಾಗ ಒಬ್ಬರಿಗೊಬ್ಬರು ಏನು ಕೂಗಿಕೊಳ್ಳುತ್ತಿದ್ದರು, ಜಾತ್ರೆಗೆ ಎತ್ತು ಹೊಡೆದುಕೊಂಡು ಬಂದವರು ಸುಳಿ ನೋಡಿ ಹೇಗೆ ಬೆಲೆ ಕಟ್ಟುತ್ತಿದ್ದರು ಎಂಬುದನ್ನೂ ಕೂತು ಕೇಳಬೇಕು. ಜಲ್ಲಿಯಾದ ಬಂಡೆ ಮತ್ತೆ ಬೆಟ್ಟವಾಗುವುದಿಲ್ಲ. ಅದನ್ನು ಒಡೆದವರ ಮಾತನ್ನಾದರೂ ಉಳಿಸಿಕೊಳ್ಳಬಹುದು.

ಇದಕ್ಕೆ 15 ಎಕರೆ ಬೇಕಾಗಿಲ್ಲ. ಗೌಡರು ಭಾರದ ಯಂತ್ರ ಹೊತ್ತು ಮಾಡಿದ ಕೆಲಸಕ್ಕೆ ಇವತ್ತು ಜೇಬಿನ ಫೋನು ಸಾಕು. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ಯಾವ ಕೆಲಸ ಮಾಡುತ್ತಾ ಹಾಡುತ್ತಿದ್ದರು, ತಾರೀಕು ಯಾವುದು ಎಂದು ಕೇಳಿ ಬರೆದಿಡುವುದಷ್ಟೇ ಕಷ್ಟದ ಭಾಗ. ಅದಿಲ್ಲದ ಧ್ವನಿ ಕೆಲವೇ ವರ್ಷಗಳಲ್ಲಿ ಯಾರದೋ ಧ್ವನಿಯಾಗುತ್ತದೆ. ಊರಿನ ಗ್ರಂಥಾಲಯದ ಒಂದು ಕಪಾಟು, ಶಾಲೆಯ ಒಬ್ಬ ಮೇಷ್ಟ್ರು, ಭಾನುವಾರ ಬಿಡುವಿರುವ ನಾಲ್ಕು ಹುಡುಗ ಹುಡುಗಿಯರು ಇದ್ದರೆ ಕೆಲಸ ಶುರುವಾಗುತ್ತದೆ.

ಬೆಂಗಳೂರಿಗೆ ಹೋಗುವ ಹೊಸ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿ ಹೋಗುತ್ತದೆ. ಹಾಗಾಗಿ ಮುಂದಿನ ಸಲ ಬೆಂಗಳೂರಿಗೆ ಹೊರಟಾಗ ಹಳೆಯ ದಾರಿ ಹಿಡಿಯಿರಿ, ಜಾನಪದ ಲೋಕದ ಮುಂದೆ ಇಳಿಯಿರಿ. ಸಾಧ್ಯವಾದರೆ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಬೀಸುವ ಕಲ್ಲಿನ ಮುಂದೆ ಅಜ್ಜಿ ತಾವಾಗಿಯೇ ಬಾಯಿ ಬಿಟ್ಟರೆ, ದಯವಿಟ್ಟು ಆಗಲೇ ರೆಕಾರ್ಡ್ ಮಾಡಿಕೊಳ್ಳಿ.