ರೋಗಿಯ ಹಕ್ಕು, ವೈದ್ಯನ ಹೊಣೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ಒಕ್ಕಲು ಮನೆಗೆ ದೊಡ್ಡ ಕಾಯಿಲೆ ಬಂದಿತೆಂದರೆ ಮೊದಲು ಕುರಿಗಳು, ಆಮೇಲೆ ಒಡವೆ, ಕೊನೆಗೆ ಸಾಲ. ಇಷ್ಟಾದರೂ ಹಣವು ಯಾವ ಬಾಬಿಗೆ ಸಂದಿತೆಂದು ಆಸ್ಪತ್ರೆಯವರನ್ನು ಕೇಳುವ ಧೈರ್ಯವು ನಮ್ಮವರಿಗೆ ಬಾರದು. ಚರಕಾಚಾರ್ಯನು ಚಿಕಿತ್ಸೆಯ ನಾಲ್ಕು ಪಾದಗಳಲ್ಲಿ ರೋಗಿಯನ್ನೂ ಒಂದಾಗಿ ಎಣಿಸಿ, ಅವನಲ್ಲಿರಬೇಕಾದ ಗುಣಗಳೊಳಗೆ ಅಭೀರುತ್ವವನ್ನು, ಎಂದರೆ ಅಂಜದಿರುವಿಕೆಯನ್ನು, ಸೇರಿಸಿರುವನು. ಆತನ ಮನಸ್ಸಿನಲ್ಲಿದ್ದುದು ರೋಗದ ಅಂಜಿಕೆಯಾದರೂ ಈ ಕಾಲಕ್ಕೆ ಬಿಲ್ಲಿನ ಅಂಜಿಕೆಯನ್ನೂ ಅದರಲ್ಲಿ ಕೂಡಿಸಬೇಕೆಂದು ನಮಗೆ ತೋರುತ್ತದೆ.

ಖಾಸಗಿ ಆಸ್ಪತ್ರೆಗಳನ್ನು ಕಟ್ಟುಪಾಡಿಗೊಳಪಡಿಸುವ ೨೦೦೭ರ ಕರ್ನಾಟಕದ ಶಾಸನವು ೨೦೧೭ರಲ್ಲಿ ತಿದ್ದುಪಡಿ ಹೊಂದಿತು. ಆಗ ಆರೋಗ್ಯ ಸಚಿವರು ಕೆ. ಆರ್. ರಮೇಶ್ ಕುಮಾರರು, ಕಾನೂನು ಸಚಿವರು ಶಿರಾದ ಶಾಸಕರೇ ಆದ ಟಿ. ಬಿ. ಜಯಚಂದ್ರರು. ಮಸೂದೆಯ ಮೊದಲ ರೂಪದಲ್ಲಿ ಗೊತ್ತಾದ ದರವನ್ನು ಮೀರಿದವರಿಗೆ ಸೆರೆವಾಸದ ಮಾತಿತ್ತು. ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಆ ಮಾತು ಬಿಟ್ಟುಹೋಯಿತು. ಮುಷ್ಕರದ ದಿನಗಳಲ್ಲಿ ಬಾಗಿಲು ಮುಚ್ಚಿದ ಆಸ್ಪತ್ರೆಗಳ ಮುಂದೆ ನಿಂತ ರೋಗಿಗಳನ್ನು ನೆನೆದರೆ ನಮಗೆ ಈಗಲೂ ಸಂಕಟವಾಗುತ್ತದೆ.

ಉಳಿದುದೂ ಅಲ್ಪವೇನಲ್ಲ. ಚಿಕಿತ್ಸೆಯ ದರಗಳನ್ನು ಕಾಣುವಂತೆ ಪ್ರಕಟಿಸಬೇಕು. ಪ್ರಾಣಾಪಾಯದಲ್ಲಿ ಬಂದವನನ್ನು ಮುಂಗಡ ಹಣಕ್ಕಾಗಿ ತಡೆಯಕೂಡದು. ಮುಖ್ಯವಾಗಿ, ರೋಗಿಯು ತೀರಿಕೊಂಡರೆ ಬಾಕಿಯ ನೆಪದಿಂದ ಶವವನ್ನು ಹಿಡಿದಿಡಕೂಡದು. ಬಾಕಿಯನ್ನು ಬಳಿಕ ವಸೂಲು ಮಾಡಿಕೊಳ್ಳಬಹುದು. ಹೆತ್ತವರ ದೇಹವನ್ನು ಬಿಡಿಸಿಕೊಳ್ಳಲು ಸಾಲಕ್ಕಾಗಿ ಅಲೆಯುವ ಮಗನ ಅವಸ್ಥೆಯನ್ನು ಬಲ್ಲವರಿಗೆ ಈ ಒಂದು ವಿಧಿಯ ಬೆಲೆ ತಿಳಿದೀತು. ದೂರುಗಳನ್ನು ವಿಚಾರಿಸಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರಾಧಿಕಾರವೊಂದುಂಟು.

ಆದರೆ ಪ್ರಾಧಿಕಾರವಿರುವುದು ತುಮಕೂರಿನಲ್ಲಿ. ಪಾವಗಡದವನಿಗೆ ಅದು ಸುಮಾರು ೧೦೦ ಕಿಲೋಮೀಟರ್ ದೂರ. ಅವನು ಹತ್ತಿರವೆಂದು ಗಡಿ ದಾಟಿ ಹಿಂದೂಪುರಕ್ಕೆ ಹೋದನೋ, ಅಲ್ಲಿ ನಡೆಯುವುದು ಆಂಧ್ರದ ಕಾಯಿದೆ. ಇನ್ನು ಬಡವರಿಗೆ ಗತಿಯಾದ ತಾಲ್ಲೂಕು ಸರ್ಕಾರಿ ಆಸ್ಪತ್ರೆಗಳು ಈ ಶಾಸನದ ಹೊರಗೇ ಉಳಿದಿವೆ. ಅವನ್ನೂ ಸೇರಿಸಬೇಕೆಂದು ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಸಮಿತಿಯು ಹೇಳಿದ್ದರೂ ಸರ್ಕಾರವು ಒಪ್ಪಲಿಲ್ಲ. ಪರರಿಗೆ ವಿಧಿಸಿದ ನಿಯಮವನ್ನು ತಾನೇ ಹೊರಲಾರದ ಸರ್ಕಾರದ ನಡೆಯು ನಮಗೆ ಸರಿಕಾಣದು. ವೈದ್ಯಸೇವೆಯು ಗ್ರಾಹಕ ಕಾಯಿದೆಗೆ ಒಳಪಡುವುದೆಂದು ಸುಪ್ರೀಂ ಕೋರ್ಟು ೧೯೯೫ರಲ್ಲಿ ತೀರ್ಪಿತ್ತಾಗಲೂ, ಎಲ್ಲರಿಗೂ ಉಚಿತವಾಗಿ ಮಾಡುವ ಚಿಕಿತ್ಸೆಯನ್ನು ಅದರಿಂದ ಹೊರಗಿಟ್ಟಿತು.

ಹಾಗೆಂದು ಸರ್ಕಾರಿ ವೈದ್ಯರು ಹೊಣೆಯಿಲ್ಲದವರಲ್ಲ. ನೋಂದಾಯಿತ ವೈದ್ಯರು ಯಾರೇ ಆಗಲಿ, ಅವರ ನಡತೆಯ ಬಗೆಗೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬಹುದು. ಮರಣವೆಲ್ಲವೂ ವೈದ್ಯನ ಅಪರಾಧವಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ವೈದ್ಯರ ಮೇಲೆ ಕೈಮಾಡುವುದರಿಂದ ಸತ್ಯವು ಹೊರಬೀಳುವುದಿಲ್ಲ. ಅದನ್ನು ಹೊರಗೆಡಹುವುದು ಕಾಗದ. ವೈದ್ಯರ ನಡತೆಯ ೨೦೦೨ರ ನಿಯಮಗಳಂತೆ, ಕೇಳಿದ ೭೨ ಗಂಟೆಗಳೊಳಗೆ ಚಿಕಿತ್ಸೆಯ ದಾಖಲೆಗಳನ್ನು ಕೊಡತಕ್ಕದ್ದು. ಒಳರೋಗಿಯ ದಾಖಲೆಯನ್ನು ೩ ವರ್ಷ ಇಟ್ಟಿರತಕ್ಕದ್ದು. ಗ್ರಾಹಕ ಆಯೋಗಕ್ಕೆ ದೂರು ಕೊಡುವ ಅವಧಿ ೨ ವರ್ಷ. ಆದ್ದರಿಂದ ಔಷಧದ ಚೀಟಿ, ಹಣದ ರಸೀತಿ, ಬಿಡುಗಡೆಯ ಪತ್ರ ಇವನ್ನು ಜಮೀನಿನ ಪತ್ರಗಳಿರುವ ಪೆಟ್ಟಿಗೆಯಲ್ಲಿಯೇ ಇಡುವುದು ಲೇಸು. ದಾಖಲೆಯ ನಕಲನ್ನು ಕೇಳುವಾಗ ಬಾಯಿಮಾತು ಸಾಲದು. ತಾರೀಖು ಹಾಕಿ ಬರೆದು ಕೊಟ್ಟು, ತಲಪಿತೆಂದು ರುಜು ಪಡೆದುಕೊಳ್ಳಬೇಕು.