ಬಿಸಿಲು, ನೆರಳು ಮತ್ತು ನಮ್ಮ ಚರ್ಮ

ವಿಜಯಪುರ ನಗರದ ಪಶ್ಚಿಮಕ್ಕೆ ತಿಕೋಟಾ, ನೈಋತ್ಯಕ್ಕೆ ಬಬಲೇಶ್ವರ. ಎರಡೂ ದ್ರಾಕ್ಷಿಯ ಸೀಮೆಗಳು. ಇಲ್ಲಿಯ ಬೆಳೆಗಾರರು ಒಣದ್ರಾಕ್ಷಿ ಮಾಡುವಾಗ ಹಣ್ಣನ್ನು ಬಯಲಿನಲ್ಲಿ ಹರವುವುದಿಲ್ಲ. ಮಾಡು ಹೊದಿಸಿದ ಶೆಡ್ಡುಗಳಲ್ಲಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡಿ, ನೆರಳಿನಲ್ಲಿ ಗಾಳಿಗೆ ಒಣಗಿಸುತ್ತಾರೆ. ನೇರ ಬಿಸಿಲು ಬಿದ್ದರೆ ಅದರ ಹಸಿರುಹೊಂಬಣ್ಣ ಕೆಟ್ಟು ಕಂದಾಗುತ್ತದೆ. ಹಣ್ಣಿನ ಸಿಪ್ಪೆಯನ್ನು ಇಷ್ಟು ಜತನದಿಂದ ಕಾಯುವ ನಾವು ನಮ್ಮ ಚರ್ಮದ ವಿಷಯದಲ್ಲಿ ಅಷ್ಟು ಎಚ್ಚರ ವಹಿಸುತ್ತೇವೆಯೇ?

ಸೂರ್ಯನಿಂದ ನಮಗೆ ಬರುವುದು ಬೆಳಕು ಮತ್ತು ಶಾಖ ಮಾತ್ರವಲ್ಲ. 1801ರಲ್ಲಿ ಜರ್ಮನಿಯ ಯೋಹಾನ್ ರಿಟ್ಟರ್ ಎಂಬ ವಿಜ್ಞಾನಿಯು, ಬೆಳಕು ತಗುಲಿದರೆ ಕಪ್ಪಾಗುವ ಬೆಳ್ಳಿಯ ಲವಣವೊಂದನ್ನು ವರ್ಣಪಟಲದಲ್ಲಿ ಇರಿಸಿ ನೋಡಿದನು. ನೇರಳೆಯ ಆಚೆ, ಕಣ್ಣಿಗೆ ಏನೂ ಕಾಣದ ಎಡೆಯಲ್ಲಿಯೇ ಅದು ಬೇಗನೆ ಕಪ್ಪಾಯಿತು. ಹೀಗೆ ಪತ್ತೆಯಾದವೇ ನೇರಳಾತೀತ ಕಿರಣಗಳು. ಇವು ಚರ್ಮದ ಜೀವಕೋಶಗಳೊಳಗಿನ ಡಿ.ಎನ್.ಎ.ಯನ್ನು ಘಾಸಿಗೊಳಿಸುತ್ತವೆ. ಈ ಘಾಸಿಯನ್ನು ಕೋಶವು ಬಹುಮಟ್ಟಿಗೆ ತಾನೇ ಸರಿಪಡಿಸಿಕೊಳ್ಳುತ್ತದೆ. ಉಳಿದ ದೋಷಗಳು ವರ್ಷಗಟ್ಟಲೆ ಕೂಡುತ್ತ ಹೋಗಿ, ಕೋಶಗಳು ಅಂಕೆ ಮೀರಿ ಬೆಳೆಯತೊಡಗಿದರೆ ಅದೇ ಕ್ಯಾನ್ಸರ್.

ನಮ್ಮ ಕಂದು ಚರ್ಮದಲ್ಲಿರುವ ಮೆಲನಿನ್ ಎಂಬ ವರ್ಣದ್ರವ್ಯವು ಈ ಕಿರಣಗಳ ಬಹುಪಾಲನ್ನು ತಡೆಯುತ್ತದೆ. ಆದುದರಿಂದಲೇ ಆಸ್ಟ್ರೇಲಿಯದ ಬಿಳಿಯರಲ್ಲಿ ಸರ್ವಸಾಮಾನ್ಯವಾದ ಚರ್ಮದ ಕ್ಯಾನ್ಸರ್ ಭಾರತದಲ್ಲಿ ವಿರಳ. ವಿರಳವೆಂದರೆ ಇಲ್ಲವೆಂದಲ್ಲ. ಹುಟ್ಟಿನಿಂದಲೇ ಮೆಲನಿನ್ನಿನ ಕೊರತೆಯಿರುವವರಿಗೆ ಅಪಾಯ ಬಹಳ. ಅಲ್ಲದೆ ಮೆಲನೋಮ ಎಂಬ ಉಗ್ರ ಬಗೆಯ ಕ್ಯಾನ್ಸರ್, ಕಪ್ಪು ಮೈಯವರಲ್ಲಿ ಬಿಸಿಲೇ ಬೀಳದ ಅಂಗಾಲು, ಅಂಗೈ, ಉಗುರಿನಡಿಗಳಲ್ಲಿ ತೋರುವುದೇ ಹೆಚ್ಚು. ಜಮೈಕದ ಹೆಸರಾಂತ ಗಾಯಕ ಬಾಬ್ ಮಾರ್ಲಿಯು ಕಾಲ್ಬೆರಳಿನ ಉಗುರಿನಡಿ ಮೊದಲಾದ ಇಂಥ ರೋಗದಿಂದಲೇ 1981ರಲ್ಲಿ, ತನ್ನ 36ನೆಯ ವಯಸ್ಸಿನಲ್ಲಿ, ನಿಧನ ಹೊಂದಿದನು.

ಬಿಸಿಲು ಸುಡುತ್ತಿಲ್ಲವಾದರೆ ಅಪಾಯವಿಲ್ಲವೆಂದು ತಿಳಿಯುವುದು ಸರಿಯಲ್ಲ. ನೇರಳಾತೀತ ಕಿರಣಗಳ ತಾಗುವಿಕೆ ನಮಗೆ ಬಿಸಿಯಾಗಿ ಅರಿವಾಗದು. ಅವುಗಳ ಬಲವು ಮುಖ್ಯವಾಗಿ ಸೂರ್ಯನ ಎತ್ತರವನ್ನು ಅವಲಂಬಿಸಿದೆ. ಇದನ್ನು ಅಳೆಯಲು ಉಪಕರಣ ಬೇಡ, ನಮ್ಮ ನೆರಳೇ ಸಾಕು. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಕಿರಣಗಳು ಪ್ರಬಲವಾಗಿವೆಯೆಂದು ತಿಳಿಯಬೇಕು. ವಿಜಯಪುರವು ಸುಮಾರು 16.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮತ್ತು ಆಗಸ್ಟ್ ತಿಂಗಳುಗಳ ಮೊದಲ ವಾರದ ಸುಮಾರಿಗೆ ನಡುಹಗಲಿನ ಸೂರ್ಯನು ಇಲ್ಲಿ ನೆತ್ತಿಯ ಮೇಲೆಯೇ ಬರುತ್ತಾನೆ. ಆಗ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಡಿಸೆಂಬರ್ 22ರ ನಡುಹಗಲಿನಲ್ಲಿಯೂ ಒಂದು ಮೀಟರ್ ಕೋಲಿನ ನೆರಳು ಸುಮಾರು 85 ಸೆಂಟಿಮೀಟರ್ ಮಾತ್ರ. ಹೀಗಾಗಿ ಚಳಿಗಾಲದ ತಂಪು ಹಗಲುಗಳೂ ಈ ಎಚ್ಚರಿಕೆಗೆ ಹೊರತಲ್ಲ.

ರಕ್ಷಣೆಯ ಸಾಧನಗಳು ನಮ್ಮ ಹಿರಿಯರ ಉಡುಪಿನಲ್ಲಿಯೇ ಇವೆ: ತಲೆಗೆ ರುಮಾಲು, ತುಂಬುತೋಳಿನ ಅಂಗಿ, ಕೊರಳು ಮುಚ್ಚುವ ಸೆರಗು. ಬಟ್ಟೆಯ ನೇಯ್ಗೆ ಒತ್ತಾಗಿರಬೇಕು. ತೆಳುವಾದ ಅರಿವೆಯಲ್ಲಿ ಕಿರಣಗಳು ನುಸುಳುತ್ತವೆ. ರುಮಾಲು ಮುಖ, ತುಟಿಗಳಿಗೆ ನೆರಳು ಕೊಡದಾದ್ದರಿಂದ ಅಗಲ ಅಂಚಿನ ಟೋಪಿ ಮೇಲು. ಬಿಸಿಲಿನಿಂದ ಕಾಯುವ ಮುಲಾಮನ್ನು ಬಳಸುವವರು ಎರಡು ಗಂಟೆಗೊಮ್ಮೆ ಅದನ್ನು ಮತ್ತೆ ಹಚ್ಚಿಕೊಳ್ಳಬೇಕು. ತೋಟದ ಕೆಲಸವನ್ನು ಸಾಧ್ಯವಾದಷ್ಟು ಮುಂಜಾನೆ ಮತ್ತು ಸಂಜೆಗೆ ಹಂಚಿಕೊಳ್ಳುವುದು ಲೇಸು.

ಒಂದು ತಿಂಗಳಾದರೂ ಮಾಯದ ಹುಣ್ಣು, ಪದೇ ಪದೇ ರಕ್ತ ಒಸರುವ ಗಂಟು, ಹಳೆಯ ಸುಟ್ಟಗಾಯದ ಕಲೆಯಲ್ಲಿ ಎದ್ದ ಹೊಸ ಹುಣ್ಣು, ಆಕಾರವನ್ನೋ ಬಣ್ಣವನ್ನೋ ಬದಲಿಸುತ್ತಿರುವ ಮಚ್ಚೆ, ಉಗುರಿನಡಿ ಹೊಸದಾಗಿ ಮೂಡಿದ ಕಪ್ಪು ಗೆರೆ, ಇವು ಕಂಡರೆ ವೈದ್ಯರಿಗೆ ತೋರಿಸಬೇಕು. ಇವೆಲ್ಲವೂ ಕ್ಯಾನ್ಸರೇ ಎಂದಲ್ಲ. ಸಣ್ಣ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರೆ ನಿಜ ತಿಳಿಯುತ್ತದೆ. ಮೊದಲ ಹಂತದಲ್ಲಿಯೇ ಕೊಯ್ದು ತೆಗೆದರೆ ಬಹುತೇಕ ರೋಗಿಗಳು ಗುಣಹೊಂದುತ್ತಾರೆ. ಕಪ್ಪು ಮೈಗೆ ಈ ರೋಗ ಬಾರದೆಂದು ನಂಬಿ, ಹುಣ್ಣಿಗೆ ಅರಿಸಿನ ಮೆತ್ತಿ ದಿನ ತಳ್ಳುವುದರಲ್ಲಿಯೇ ಅಪಾಯವಿದೆ. ತರುಣ ಓದುಗರು ಆಗಾಗ ತಮ್ಮ ಮನೆಯ ಹಿರಿಯರ ಮುಖ, ಬೆನ್ನು, ಅಂಗಾಲುಗಳನ್ನು ಗಮನವಿಟ್ಟು ನೋಡಲಿ. ಹೊಲದಲ್ಲಿ ದುಡಿಯುವವರಿಗೆ ತಮ್ಮ ಅಂಗಾಲನ್ನು ತಿರುಗಿಸಿ ನೋಡಿಕೊಳ್ಳುವಷ್ಟು ಬಿಡುವು ಎಲ್ಲಿಯದು?