ಬೈಲಕುಪ್ಪೆಯ ಶಾಲೆ, ಆಸ್ಪತ್ರೆ: ನಾವು ಅಂದುಕೊಂಡಿದ್ದು, ಅಲ್ಲಿರುವುದು

ನಮ್ಮ ವೇಮಗಲ್ ಕಡೆಯಿಂದ ಮೈಸೂರು, ಮಡಿಕೇರಿ ಪ್ರವಾಸ ಹೊರಟವರು ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡದೆ ಬರುವುದು ಕಡಿಮೆ. ಹೊನ್ನಿನ ಬಣ್ಣದ ಮೂರು ಮೂರ್ತಿಗಳ ಮುಂದೆ ನಿಂತು, ಮೊಮೊ ತಿಂದು ಬಸ್ಸು ಹತ್ತುತ್ತಾರೆ. ಕೆಲವರಿಗೆ ಅಲ್ಲಿನ ಶಾಲೆ, ಆಸ್ಪತ್ರೆಗಳನ್ನೂ ನೋಡಬೇಕು, ಕೈಲಾದಷ್ಟು ಕೊಡಬೇಕು ಎಂಬ ಆಸೆ. ಆಸೆ ಒಳ್ಳೆಯದೇ. ಆದರೆ ಅಲ್ಲಿ ನೆಲೆಸಿರುವ ಟಿಬೆಟನ್ನರ ಬಗ್ಗೆ ನಮ್ಮಲ್ಲಿ ಓಡಾಡುವ ಮಾತುಗಳಲ್ಲಿ ಸರಿಯಾದದ್ದು ಕಡಿಮೆ.

ತಪ್ಪು ಕಲ್ಪನೆ: ಬೈಲಕುಪ್ಪೆ ಕೊಡಗಿನಲ್ಲಿದೆ.
ವಾಸ್ತವ: ಅದು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು. ಕಾವೇರಿ ದಾಟಿದರೆ ಕುಶಾಲನಗರ, ಅಲ್ಲಿಂದ ಕೊಡಗು. ಟಿಬೆಟನ್ ಕ್ಯಾಂಪುಗಳು ಉತ್ತರ ಕನ್ನಡದ ಮುಂಡಗೋಡು, ಹುಣಸೂರಿನ ಗುರುಪುರ, ಚಾಮರಾಜನಗರ ಜಿಲ್ಲೆಯ ಒಡೆಯರಪಾಳ್ಯದಲ್ಲೂ ಇವೆ.

ತಪ್ಪು ಕಲ್ಪನೆ: ಸರ್ಕಾರವೂ ವಿದೇಶಿಯರೂ ಅವರನ್ನು ಕೂರಿಸಿ ಅನ್ನ ಹಾಕುತ್ತಿದ್ದಾರೆ.
ವಾಸ್ತವ: 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, ಅವರ ಹಿಂದೆ ಬಂದ ಜನರಿಗೆ ನೆಲೆ ಬೇಕಾಯಿತು. ಆಗಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಕೊಟ್ಟದ್ದು ಹೊಲವಲ್ಲ, ಕಾಡು. ಮಂಜಿನ ನಾಡಿನಿಂದ ಬಂದವರು ನಮ್ಮ ಬಿಸಿಲಿನಲ್ಲಿ ಮರ ಕಡಿದು, ಆನೆಗಳ ಕಾಟ ಸಹಿಸಿ, ನೆಲ ಹದ ಮಾಡಿ ಮುಸುಕಿನ ಜೋಳ ಬೆಳೆದರು. ಆಮೇಲೆ ಸಹಕಾರ ಸಂಘ ಕಟ್ಟಿಕೊಂಡರು. ಚಳಿಗಾಲದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಅವರು ಮಾರುವ ಸ್ವೆಟರ್ ನಮ್ಮ ಎಷ್ಟೋ ಮನೆಗಳಲ್ಲಿದೆ. ಆ ವ್ಯಾಪಾರವೇ ಹಲವು ಕುಟುಂಬಗಳಿಗೆ ವರ್ಷದ ದುಡಿಮೆ.

ನೆರವು ಬಂದದ್ದೂ ನಿಜ. ಅದರಿಂದ ಹುಟ್ಟಿದ್ದನ್ನು ಕೋಲಾರದವರು ತಿಳಿದಿರಲೇಬೇಕು. 1968ರಲ್ಲಿ ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆಂದೇ ಮೈರಾಡ ಸಂಸ್ಥೆ ಶುರುವಾಯಿತು. ಆ ಕೆಲಸ ಒಂದು ಹಂತಕ್ಕೆ ಬಂದ ಮೇಲೆ ಅದು ಕರ್ನಾಟಕದ ಬಡ ಹಳ್ಳಿಗಳತ್ತ ತಿರುಗಿತು. ನಮ್ಮ ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರಕ್ಕೂ ಬಂತು. 1980ರ ದಶಕದಲ್ಲಿ ಸ್ವಸಹಾಯ ಸಂಘಗಳನ್ನು ಬೆಳೆಸಿದವರಲ್ಲಿ ಮೈರಾಡ ಮುಂಚೂಣಿಯಲ್ಲಿತ್ತು. 1992ರಲ್ಲಿ ನಬಾರ್ಡ್ ಸಂಘಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಾಗ ಆ ಅನುಭವವೂ ಅದರ ಬೆನ್ನಿಗಿತ್ತು. ಇವತ್ತು ವಾರದ ಉಳಿತಾಯ ಕಟ್ಟಿ, ಸಂಘದ ಸಾಲದಲ್ಲಿ ಹಸು ಕೊಂಡು ಡೇರಿಗೆ ಹಾಲು ಹಾಕುವ ನಮ್ಮ ಅಕ್ಕಂದಿರ ಕಥೆಯ ಹಿಂದೆ ಬೈಲಕುಪ್ಪೆಯ ಕಥೆಯೂ ಸ್ವಲ್ಪ ಇದೆ. ಯಾರೋ ಪರದೇಶಿಗಳಿಗೆ ಕೊಟ್ಟ ದಾನ ಅಲ್ಲಿಗೇ ಮುಗಿಯಿತು ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ತಪ್ಪು ಕಲ್ಪನೆ: ಅಲ್ಲಿನ ಶಾಲೆಗಳೆಲ್ಲ ಅನಾಥಾಲಯಗಳು, ಮಕ್ಕಳಿಗೆ ಬಟ್ಟೆ, ಚಾಕೊಲೇಟ್ ಹಂಚಿ ಬರಬಹುದು.
ವಾಸ್ತವ: ಟಿಬೆಟನ್ ಮಕ್ಕಳಿಗಾಗಿ ಭಾರತ ಸರ್ಕಾರವೇ 1961ರಲ್ಲಿ ಕೇಂದ್ರೀಯ ಶಾಲೆಗಳ ಆಡಳಿತ ಸಂಸ್ಥೆ ಕಟ್ಟಿತು. ಅದರ ಜೊತೆಗೆ ದಾನಿಗಳ ಬೆಂಬಲದಲ್ಲಿ ನಡೆಯುವುದು ಟಿಬೆಟನ್ ಚಿಲ್ಡ್ರನ್ಸ್ ವಿಲೇಜ್. ದಲೈ ಲಾಮಾ ಅವರ ಅಕ್ಕ ಸೆರಿಂಗ್ ಡೋಲ್ಮಾ ಧರ್ಮಶಾಲಾದಲ್ಲಿ 1960ರಲ್ಲಿ ಇದಕ್ಕೆ ಕೈಹಾಕಿದರು, ಬೈಲಕುಪ್ಪೆಯಲ್ಲೂ ಇದರ ಶಾಲೆ ಇದೆ. ಮಕ್ಕಳನ್ನು ದೊಡ್ಡ ಹಾಲಿನಲ್ಲಿ ತುಂಬುವುದಿಲ್ಲ. ಒಂದೊಂದು ಮನೆ, ಆ ಮನೆಗೊಬ್ಬ ತಾಯಿ, ಅಕ್ಕತಂಗಿಯರ ಹಾಗೆ ಬೆಳೆಯುವ ಮಕ್ಕಳು. ಎಲ್ಲರೂ ಅನಾಥರಲ್ಲ. ಕೆಲವರ ತಂದೆತಾಯಿ ಟಿಬೆಟ್‌ನಲ್ಲೇ ಉಳಿದಿದ್ದಾರೆ, ಕೆಲವರದು ಬಡತನ.

ಈಗ ಶಾಲೆಗಳನ್ನು ಕಾಡುತ್ತಿರುವುದು ಮಕ್ಕಳ ಸಂಖ್ಯೆ ಇಳಿಯುತ್ತಿರುವ ಚಿಂತೆ. ಕುಟುಂಬಗಳು ಚಿಕ್ಕವಾಗಿವೆ, ಯುವಕರು ಅಮೆರಿಕ, ಕೆನಡಾ, ಯುರೋಪಿಗೆ ಹೋಗುತ್ತಿದ್ದಾರೆ. ಚಾಕೊಲೇಟಿನಿಂದ ಇದಕ್ಕೇನೂ ಆಗದು. ಮೊದಲೇ ಫೋನ್ ಮಾಡಿ, ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಪಾಠ ನಡೆಯದ ಹೊತ್ತಿಗೆ ಹೋಗಬೇಕು. ಕೇಳದೆ ಮಕ್ಕಳ ಫೋಟೋ ತೆಗೆಯಲೇಬಾರದು. ನಮ್ಮೂರ ಸರ್ಕಾರಿ ಶಾಲೆಗೆ ಗುರುತಿಲ್ಲದವರು ನುಗ್ಗಿ ನಮ್ಮ ಮಕ್ಕಳ ಫೋಟೋ ತೆಗೆದರೆ ನಾವು ಸುಮ್ಮನಿರುತ್ತೇವೆಯೇ? ಕೊಡಬೇಕೆಂದಿದ್ದರೆ ಶಾಲೆಯ ಕಚೇರಿಯಲ್ಲಿ ಏನು ಬೇಕೆಂದು ಕೇಳಿ, ರಸೀದಿ ಪಡೆದು ಕೊಡಿ.

ತಪ್ಪು ಕಲ್ಪನೆ: ಅವರ ಆಸ್ಪತ್ರೆ ಅವರಿಗೆ ಮಾತ್ರ.
ವಾಸ್ತವ: ಬೈಲಕುಪ್ಪೆಯ ತ್ಸೋಜೆ ಖಾಂಗ್ಸರ್ ಆಸ್ಪತ್ರೆಗೂ ಮುಂಡಗೋಡಿನ ಡೊಗುಲಿಂಗ್ ಆಸ್ಪತ್ರೆಗೂ ಸುತ್ತಲ ಹಳ್ಳಿಗಳ ಕನ್ನಡಿಗರು ಹೋಗುತ್ತಾರೆ. ಕೋಲಾರದವರಿಗೆ ಇದು ಅಚ್ಚರಿಯಾಗಬಾರದು. ನೂರು ವರ್ಷ ದಾಟಿದ ನಮ್ಮ ಇಟಿಸಿಎಂ ಆಸ್ಪತ್ರೆಯೂ ಮಿಷನ್‌ನವರ ನೆರವಿನಲ್ಲೇ ಎದ್ದದ್ದು. ಅಲ್ಲಿ ಹೆರಿಗೆಗೆ ಹೋದ ನಮ್ಮ ಅಜ್ಜಿಯರನ್ನು ಯಾರೂ ನೀವು ಯಾವ ಧರ್ಮ ಎಂದು ಕೇಳಲಿಲ್ಲ.

ಟಿಬೆಟನ್ನರನ್ನು ಹೆಚ್ಚು ಕಾಡುವ ರೋಗಗಳೆಂದರೆ ಕ್ಷಯ ಮತ್ತು ಹೆಪಟೈಟಿಸ್ ಬಿ. ಹಾಸ್ಟೆಲ್, ಮಠಗಳಲ್ಲಿ ಒತ್ತೊತ್ತಾಗಿ ಮಲಗುವ ಕಡೆ ಕ್ಷಯ ಬೇಗ ಹರಡುತ್ತದೆ. ಸ್ವೆಟರ್ ಮಾರಲು ತಿಂಗಳುಗಟ್ಟಲೆ ಊರು ಬಿಟ್ಟವರ ಮಾತ್ರೆ ನಡುವೆ ತಪ್ಪಿದರೆ, ಮದ್ದಿಗೆ ಬಗ್ಗದ ಕ್ಷಯವಾಗಿ ತಿರುಗುವ ಅಪಾಯವಿದೆ. ಕಟ್ಟಡಕ್ಕೆ ದಾನ ಕೊಟ್ಟರೆ ಗೋಡೆಯ ಮೇಲೆ ಹೆಸರಿರುತ್ತದೆ. ಮನೆಮನೆಗೆ ಹೋಗಿ ಮಾತ್ರೆ ನುಂಗಿಸುವ ಆರೋಗ್ಯ ಕಾರ್ಯಕರ್ತೆಯ ಸಂಬಳಕ್ಕೆ ಕೊಟ್ಟರೆ ಹೆಸರು ಇರುವುದಿಲ್ಲ, ಆದರೆ ಜೀವ ಉಳಿಯುತ್ತದೆ. ನನ್ನ ಮತ ಎರಡನೆಯದಕ್ಕೆ.

ತಪ್ಪು ಕಲ್ಪನೆ: ಟಿಬೆಟನ್ ಗುಳಿಗೆಯಿಂದ ಸಕ್ಕರೆ ಕಾಯಿಲೆ, ಕ್ಯಾನ್ಸರ್ ಎಲ್ಲ ವಾಸಿ.
ವಾಸ್ತವ: ಸೋವಾ ರಿಗ್ಪಾ ಎಂಬ ಟಿಬೆಟನ್ ವೈದ್ಯಪದ್ಧತಿ ಹಳೆಯದು, ಗೌರವದ್ದು. 2010ರಲ್ಲಿ ಭಾರತ ಅದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿದೆ. ಮೆನ್-ತ್ಸೀ-ಖಾಂಗ್ ಸಂಸ್ಥೆಯ ವೈದ್ಯರು ನಾಡಿ ಹಿಡಿದು, ಮೂತ್ರ ನೋಡಿ ಗುಳಿಗೆ ಕೊಡುತ್ತಾರೆ. ಹಾಗೆಂದು ಇನ್ಸುಲಿನ್ನನ್ನೋ ಕ್ಷಯದ ಮಾತ್ರೆಯನ್ನೋ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ.

ತಪ್ಪು ಕಲ್ಪನೆ: ಯಾರು ಬೇಕಾದರೂ ಹೋಗಿ ಅಲ್ಲೇ ತಂಗಬಹುದು.
ವಾಸ್ತವ: ಭಾರತೀಯರಿಗೆ ವಿಶೇಷ ಪರವಾನಗಿ ಬೇಕಿಲ್ಲ. ಅಮೆರಿಕದ ಪಾಸ್‌ಪೋರ್ಟ್ ಪಡೆದ ಮಗ, ಸೊಸೆ ಜೊತೆಗಿದ್ದರೆ, ಕ್ಯಾಂಪಿನೊಳಗೆ ಉಳಿಯಲು ಅವರಿಗೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು. ಅದು ಕೈಗೆ ಬರಲು ಸಮಯ ಹಿಡಿಯುತ್ತದೆ, ಪ್ರವಾಸಕ್ಕೆ ಕೆಲವು ತಿಂಗಳ ಮೊದಲೇ ಅರ್ಜಿ ಹಾಕಿಸಿ. ಇಲ್ಲವಾದರೆ ರಾತ್ರಿ ಕುಶಾಲನಗರದಲ್ಲಿ ತಂಗುವ ಏರ್ಪಾಡು ಮಾಡಿಕೊಳ್ಳಿ.